ಪಾರ್ಶ್ವವಾಯುವಿನ ನಂತರದ ಬದುಕು, ಅದರ ಸಂಶೋಧನೆ, ನಮ್ಮ ಮಾತು: ಉಡುಪಿಯ ಒಂದು ಸಲಹಾ ಬಳಗದ ವಿಮರ್ಶೆ

ಪಾರ್ಶ್ವವಾಯು ಆಗಿ ಚೇತರಿಸಿಕೊಂಡವರನ್ನು ಮತ್ತು ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರನ್ನು ಕರೆದು ಕೂರಿಸಿ, ಮುಂದೆ ಮಾಡಲಿರುವ ಸಂಶೋಧನೆಯ ಬಗ್ಗೆ ಅಭಿಪ್ರಾಯ ಕೇಳುವ ಸಲಹಾ ಬಳಗವೊಂದನ್ನು ಉಡುಪಿ ಪರಿಸರದ ಒಂದು ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಕಳೆದ ವರ್ಷದಿಂದ ನಾನು ಅದರ ಸದಸ್ಯ. ನನಗೆ ಎಡಭಾಗಕ್ಕೆ ಪಾರ್ಶ್ವವಾಯು ಆಗಿತ್ತು. ಈಗ ಕಾಲಿಗೆ ಸ್ಪ್ಲಿಂಟ್ ಹಾಕಿಕೊಂಡು ನಡೆಯುತ್ತೇನೆ, ಮಾತಿಗೆ ತೊಂದರೆ ಇಲ್ಲ. ಫಿಸಿಯೊಥೆರಪಿಗೆ ಬರುವ ಪರಿಚಿತರು "ಅಲ್ಲಿಗೆ ಹೋದರೆ ಎಂತಾದರೂ ಪ್ರಯೋಜನ ಉಂಟಾ?" ಎಂದು ಆಗಾಗ ಕೇಳುತ್ತಿರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆ ದೂರುಗಳೂ ಇರುವ ಕಾರಣ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಆ ದೂರುಗಳನ್ನು ಸಂಬಂಧಪಟ್ಟವರಿಗೆ ಈಗಾಗಲೇ ಲಿಖಿತವಾಗಿ ಕೊಟ್ಟಿದ್ದೇನೆ.

ಚುಟುಕಾಗಿ ಹೇಳುವುದಾದರೆ, ಹೋಗಬಹುದು. ಆದರೆ ಯೋಜನೆ ಯಾವ ಹಂತದಲ್ಲಿರುವಾಗ ನಿಮ್ಮನ್ನು ಕರೆಯುತ್ತಿದ್ದಾರೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡು ಹೋಗಬೇಕು. ಈ ಸೇವೆಯ ಗುಣವೂ ದೋಷವೂ ಹೆಚ್ಚಾಗಿ ಆ ಒಂದು ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ.

ಅನೇಕರು ತಪ್ಪು ತಿಳಿದಿರುವುದರಿಂದ ಒಂದು ವಿಷಯವನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ. ಇದು ಚಿಕಿತ್ಸೆಯಲ್ಲ. ಇಲ್ಲಿ ಯಾರೂ ನಿಮ್ಮ ಬಿಪಿ ನೋಡುವುದಿಲ್ಲ, ಕೈಕಾಲಿಗೆ ವ್ಯಾಯಾಮ ಮಾಡಿಸುವುದಿಲ್ಲ, ಹಳೆಯ ಸ್ಕ್ಯಾನ್ ರಿಪೋರ್ಟಿನ ಫೈಲನ್ನು ಬಿಡಿಸುವುದಿಲ್ಲ. ನಿಮ್ಮ ಮೇಲೆ ಯಾವ ಪ್ರಯೋಗವೂ ನಡೆಯುವುದಿಲ್ಲ. ಸಂಶೋಧನೆಗೆ ಒಳಪಡುವವರು ಬೇರೆ, ಅದನ್ನು ಯೋಜಿಸುವಾಗ ಜೊತೆಗೆ ಕೂರುವವರು ಬೇರೆ; ಬಳಗದಲ್ಲಿ ನಾವು ಎರಡನೆಯವರು. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು, ಸುಧಾರಣೆ ಎಂದರೆ ಏನೆಂದು ಎಣಿಸಬೇಕು, ಎಷ್ಟು ಹೊತ್ತು ಪರೀಕ್ಷೆ ಮಾಡಿದರೆ ಮನುಷ್ಯ ಸುಸ್ತಾಗುತ್ತಾನೆ, ಮನೆಗೆ ಬಂದು ಪ್ರಶ್ನೆ ಕೇಳುವುದು ಒಳ್ಳೆಯದೋ ಆಸ್ಪತ್ರೆಗೆ ಕರೆಸುವುದು ಒಳ್ಳೆಯದೋ, ಇಂಥವುಗಳ ಬಗ್ಗೆ ನಮ್ಮ ಮಾತಿಗೆ ಜಾಗ ಇರಬೇಕೆಂಬುದು ಇದರ ಉದ್ದೇಶ.

ಈ ಕ್ರಮ ಬೇರೆ ಕಡೆ ಬೇರೂರಿ ಬಹಳ ಕಾಲವಾಗಿದೆ. ಸಾರ್ವಜನಿಕರನ್ನು ಆರೋಗ್ಯ ಸಂಶೋಧನೆಯಲ್ಲಿ ತೊಡಗಿಸುವುದಕ್ಕಾಗಿಯೇ ಬ್ರಿಟನ್ನಿನಲ್ಲಿ ಇನ್ವಾಲ್ವ್ ಎಂಬ ವ್ಯವಸ್ಥೆ 1996ರಲ್ಲಿ ಆರಂಭವಾಯಿತು. ರೋಗಿಗಳು, ಅವರನ್ನು ನೋಡಿಕೊಳ್ಳುವವರು ಮತ್ತು ವೈದ್ಯರು ಒಟ್ಟಿಗೆ ಕುಳಿತು, ಇನ್ನೂ ಉತ್ತರ ಸಿಗದ ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ತೀರ್ಮಾನಿಸುವ ಪದ್ಧತಿಯನ್ನು 2004ರಲ್ಲಿ ಹುಟ್ಟಿದ ಜೇಮ್ಸ್ ಲಿಂಡ್ ಅಲಯನ್ಸ್ ರೂಢಿಗೆ ತಂದಿತು. (1747ರಲ್ಲಿ ಹಡಗಿನ ಮೇಲೆ ಸ್ಕರ್ವಿ ರೋಗಕ್ಕೆ ತುತ್ತಾದ 12 ನಾವಿಕರಿಗೆ ಬೇರೆ ಬೇರೆ ಪಥ್ಯ ಕೊಟ್ಟು, ನಿಂಬೆ ಮತ್ತು ಕಿತ್ತಳೆ ತಿಂದವರು ಬೇಗ ಗುಣವಾದದ್ದನ್ನು ಗಮನಿಸಿದ ನೌಕಾಪಡೆಯ ವೈದ್ಯನ ಹೆಸರು ಅದು, ಆ ನಾವಿಕರಿಗೆ ಏನು ಬೇಕಿತ್ತೆಂದು ಅಂದು ಯಾರೂ ಕೇಳಿದಂತಿಲ್ಲ.) ಇದೇ ಪದ್ಧತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಪಾರ್ಶ್ವವಾಯುವಿನ ನಂತರದ ಬದುಕಿನ ಬಗ್ಗೆ ತಯಾರಾದ ಹತ್ತು ಪ್ರಶ್ನೆಗಳ ಪಟ್ಟಿ 2012ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಮೊದಲ ಸಭೆಯಲ್ಲಿ ಆ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದರು. ಅದರ ತಲೆಯಲ್ಲಿ ಇದ್ದದ್ದು ನೆನಪು, ಗಮನ ಮತ್ತು ಆಲೋಚನಾ ಶಕ್ತಿಯನ್ನು ಸುಧಾರಿಸುವುದು ಹೇಗೆ ಎಂಬ ಪ್ರಶ್ನೆ. ಶಾಶ್ವತವಾಗಿ ಉಳಿಯುವ ಪರಿಣಾಮಗಳಿಗೆ ಮನಸ್ಸು ಒಗ್ಗಿಕೊಳ್ಳಲು ಹೇಗೆ ಸಹಾಯ ಮಾಡಬಹುದು ಎಂಬುದು ಅದರ ನಂತರ ಬಂದಿತ್ತು. ನಡಿಗೆ ಮತ್ತು ಸಮತೋಲನವೂ ಪಟ್ಟಿಯಲ್ಲಿತ್ತು, ಆದರೆ ಇವುಗಳಿಗಿಂತ ಕೆಳಗೆ. ರಥಬೀದಿಯಲ್ಲಿ ಸಿಕ್ಕಿದವರೆಲ್ಲ ನನ್ನನ್ನು ಕೇಳುವುದು "ಈಗ ನಡೀಲಿಕ್ಕೆ ಆಗ್ತದಾ?" ಎಂದು ಮಾತ್ರ, ಪೇಪರಿನ ಸಂಪಾದಕೀಯವನ್ನು ಕೊನೆಯವರೆಗೆ ಓದಿ ಆರಂಭದಲ್ಲಿ ಏನಿತ್ತೆಂದು ನೆನಪಿಟ್ಟುಕೊಳ್ಳಲು ಆಗುತ್ತದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ಆ ಪಟ್ಟಿ ಕೇಳಿದ ದಿನವೇ ಈ ಬಳಗದಲ್ಲಿ ಮುಂದುವರಿಯುವುದೆಂದು ನಿರ್ಧರಿಸಿದೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಆಧಾರ ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಯ ಯೋಜನೆಯನ್ನು ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯಕೀಯ ಕ್ಷೇತ್ರದ ಹೊರಗಿನ ಸಾಮಾನ್ಯ ವ್ಯಕ್ತಿಯೊಬ್ಬರು ಇರಲೇಬೇಕು. ಆದರೆ ಆ ಸದಸ್ಯರಿಗೆ ಲಕ್ವದ ಅನುಭವ ಇರಬೇಕೆಂದೇನೂ ಇಲ್ಲ, ಮತ್ತು ಕಮಿಟಿಯ ಮುಂದೆ ಬರುವಷ್ಟರಲ್ಲಿ ಪ್ರಶ್ನೆ, ಅಳತೆ, ಅವಧಿ ಎಲ್ಲವೂ ಕಾಗದದ ಮೇಲೆ ಗಟ್ಟಿಯಾಗಿರುತ್ತವೆ. ಬಳಗದ ಕೆಲಸ ಅದಕ್ಕಿಂತ ಹಿಂದಿನದು.

ಅದು ಸರಿಯಾಗಿ ನಡೆದಾಗ ಹೇಗಿರುತ್ತದೆ ಎಂಬುದಕ್ಕೆ ಕೈಯ ಚಲನೆಯ ಬಗೆಗಿನ ಅಧ್ಯಯನಕ್ಕಾಗಿ ಕರೆದ ಸಭೆಯೇ ಒಳ್ಳೆಯ ಉದಾಹರಣೆ. ಯೋಜನೆ ಆಗಿನ್ನೂ ಕರಡಾಗಿತ್ತು. ಸುಧಾರಣೆಯನ್ನು ಅಳೆಯಲು ಒಂಬತ್ತು ತೂತುಗಳ ಹಲಗೆಯೊಂದನ್ನು ಬಳಸುವುದೆಂದು ಬರೆದಿದ್ದರು; ಒಂಬತ್ತು ಸಣ್ಣ ಕಡ್ಡಿಗಳನ್ನು ಒಂದೊಂದಾಗಿ ತೂತಿಗೆ ಇಟ್ಟು, ಮತ್ತೆ ಒಂದೊಂದಾಗಿ ತೆಗೆಯಲು ಎಷ್ಟು ಸೆಕೆಂಡು ಬೇಕಾಗುತ್ತದೆ ಎಂದು ನೋಡುವ ಪರೀಕ್ಷೆ ಅದು, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸಂಶೋಧನೆ ಮಾಡಲಿದ್ದ ಯುವ ಫಿಸಿಯೊಥೆರಪಿಸ್ಟ್ ಅದನ್ನು ಮೇಜಿನ ಮೇಲಿಟ್ಟು ತೋರಿಸಿದರು. ಬಳಗದ ಹಿರಿಯ ಸದಸ್ಯೆಯೊಬ್ಬರು, ಜೀವಮಾನವಿಡೀ ಬೀಡಿ ಕಟ್ಟಿದವರು, ಕಡ್ಡಿಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟು ಹೇಳಿದರು: "ಇದನ್ನು ತೂತಿಗೆ ಹಾಕಿ ನನಗೆ ಎಂತ ಆಗ್ಬೇಕು ಮೇಡಂ? ಎಲೆ ಸುರುಳಿ ಮಾಡ್ಲಿಕ್ಕೆ ಬಲಗೈ ಬರ್ತದೆ, ನೂಲು ಸುತ್ತುವಾಗ ಎಡಗೈ ಬೀಡಿಯನ್ನು ಬಿಟ್ಟುಬಿಡ್ತದೆ. ಅದನ್ನು ನೋಡುವ ಪರೀಕ್ಷೆ ಉಂಟಾ ನಿಮ್ಮಲ್ಲಿ?" ಫಿಸಿಯೊಥೆರಪಿಸ್ಟ್ ಆಕೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, "ಅಕ್ಕಾ, ಒಮ್ಮೆ ನಿಧಾನಕ್ಕೆ ಮಾಡಿ ತೋರಿಸ್ತೀರಾ?" ಎಂದು ಕೇಳಿದರು. ಕಾಗದದ ಚೂರೊಂದನ್ನು ಎಲೆಯ ಹಾಗೆ ಹಿಡಿದು ಆಕೆ ತೋರಿಸಿದ್ದನ್ನು ನಾವೆಲ್ಲರೂ ನೋಡಿದೆವು. ಒಂದು ಕೈ ಕೆಲಸ ಮಾಡುವಾಗ ಇನ್ನೊಂದು ಕೈ ಸುಮ್ಮನೆ ಹಿಡಿದಿಟ್ಟುಕೊಂಡಿರಬೇಕು. ಆ ಹಿಡಿದಿಟ್ಟುಕೊಳ್ಳುವುದೇ ಆಕೆಗೆ ಆಗುತ್ತಿರಲಿಲ್ಲ. ಹಲಗೆಯ ಪರೀಕ್ಷೆ ಒಂದು ಸಲಕ್ಕೆ ಒಂದೇ ಕೈಯನ್ನು ನೋಡುತ್ತದೆ. ಮಲ್ಲಿಗೆ ಕಟ್ಟುವುದು, ಅಡಿಕೆ ಸುಲಿಯುವುದು, ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುವುದು, ಪಂಚೆ ಬಿಗಿಯುವುದು, ಎಲ್ಲವೂ ಎರಡು ಕೈಗಳ ಕೆಲಸ ಎಂದು ಒಬ್ಬರ ನಂತರ ಒಬ್ಬರು ಹೇಳತೊಡಗಿದರು. ಹಲಗೆಯನ್ನು ಕೈಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ, ಏಕೆಂದರೆ ಬೇರೆ ಅಧ್ಯಯನಗಳ ಜೊತೆ ಹೋಲಿಸಲು ಅಂಥದೊಂದು ಅಳತೆ ಬೇಕು. ಆದರೆ ಪ್ರತಿಯೊಬ್ಬರೂ ತಮಗೆ ಮುಖ್ಯವಾದ ಎರಡು ಕೈಗಳ ಕೆಲಸವೊಂದನ್ನು ತಾವೇ ಆರಿಸಿಕೊಂಡು, ಆರಂಭದಲ್ಲಿಯೂ ಕೊನೆಯಲ್ಲಿಯೂ ಮಾಡಿ ತೋರಿಸುವ ಭಾಗವನ್ನು ಯೋಜನೆಗೆ ಸೇರಿಸಿದರು.

ಸಾಮಾಜಿಕ ಜೀವನದ ಪ್ರಶ್ನಾವಳಿಯಲ್ಲಿ ಆದ ತಿದ್ದುಪಡಿಯೂ ಇಂಥದ್ದೇ. "ಮದುವೆ, ಪೂಜೆ ಮುಂತಾದ ಕಾರ್ಯಕ್ರಮಗಳಿಗೆ ಹೋಗುತ್ತೀರಾ?" ಎಂಬ ಪ್ರಶ್ನೆಗೆ ಬಲಗೈ ಸ್ವಾಧೀನ ತಪ್ಪಿದ ಸದಸ್ಯರೊಬ್ಬರು "ಹೌದು" ಎಂದು ಗುರುತು ಹಾಕಿದ್ದರು. ಕೆದಕಿ ಕೇಳಿದಾಗ, "ಹೋಗ್ತೇನೆ, ಊಟಕ್ಕೆ ಕೂರುವುದಿಲ್ಲ" ಎಂದರು. ಪಂಕ್ತಿಯಲ್ಲಿ ನೆಲದ ಮೇಲೆ ಕೂತರೆ ಏಳಲು ಆಗುವುದಿಲ್ಲ. ಟೇಬಲ್ ಇದ್ದರೂ ಎಡಗೈಯಲ್ಲಿ ಉಣ್ಣುವುದನ್ನು ಅಕ್ಕಪಕ್ಕದವರು ನೋಡುತ್ತಾರೆ. ಮುಹೂರ್ತ ಮುಗಿಸಿ ಉಡುಗೊರೆ ಕೊಟ್ಟು ಹೊರಟುಬಿಡುತ್ತಾರೆ. ಹಳೆಯ ಪ್ರಶ್ನೆಯ ಲೆಕ್ಕದಲ್ಲಿ ಇವರು ಸಮಾಜದಲ್ಲಿ ಪೂರ್ತಿಯಾಗಿ ಬೆರೆತವರು. ಉಡುಪಿಯಲ್ಲಿ ಊಟಕ್ಕೆ ಕೂರದೆ ಹೊರಟವನ ಸ್ಥಿತಿ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರು ಹೆಚ್ಚಾಗಿ ಬಳಸುವ ರ‍್ಯಾಂಕಿನ್ ಮಾಪಕದಲ್ಲಿಯೂ ಇದೇ ಕೊರತೆ ಇದೆ. ಯಾವ ಲಕ್ಷಣವೂ ಇಲ್ಲದಿದ್ದರೆ 0, ಮರಣಕ್ಕೆ 6, ನಡುವೆ ಪರಾವಲಂಬನೆಯ ಹಂತಗಳು. ನನ್ನದು 2 ಎಂದು ಬರೆದಿದ್ದಾರೆ. ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ ಎಂಬ ಅರ್ಥದಲ್ಲಿ ಅದು ಸರಿಯೇ, ಆದರೆ ಮಧ್ಯಾಹ್ನದ ನಂತರ ಆವರಿಸುವ ಸುಸ್ತಿಗೆ ಅದರಲ್ಲಿ ಜಾಗವಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕೆಂಪುಕಲ್ಲಿನ ಅಂಗಳಕ್ಕೆ ಇಳಿಯಲು ಹೆದರಿ ತಿಂಗಳುಗಟ್ಟಲೆ ಒಳಗೇ ಉಳಿಯುವುದಕ್ಕೂ ಇಲ್ಲ.

ಭಾಷೆಯ ವಿಷಯದಲ್ಲಿ ಬಳಗಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಅಫೇಸಿಯಾ, ಅಂದರೆ ಮಾತು ಹುಡುಕುವ ಅಥವಾ ಅರ್ಥಮಾಡಿಕೊಳ್ಳುವ ತೊಂದರೆ, ಒಂದಲ್ಲ ಒಂದು ಮಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಬುದ್ಧಿಯ ಕೊರತೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ವೈಕಲ್ಯದ ಕಾರಣವಾಗಿ ಇದರ ಹೆಸರೇ ಇದೆ. ನಮ್ಮ ಜಿಲ್ಲೆಗಳಲ್ಲಿ ಇದು ಇನ್ನಷ್ಟು ಸಿಕ್ಕಾಗುತ್ತದೆ, ಏಕೆಂದರೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಮುಂಬೈಯ ಹೋಟೆಲಿನಲ್ಲಿ ದುಡಿದವರಿಗೆ ಹಿಂದಿ ಮತ್ತು ಮರಾಠಿ. ಪಾರ್ಶ್ವವಾಯುವಿನ ನಂತರ ಈ ಭಾಷೆಗಳೆಲ್ಲ ಒಂದೇ ವೇಗದಲ್ಲಿ ಮರಳಬೇಕೆಂಬ ನಿಯಮವಿಲ್ಲ. ಪ್ರಶ್ನಾವಳಿ ಮಾತ್ರ ಅಚ್ಚ ಪುಸ್ತಕದ ಕನ್ನಡದಲ್ಲಿರುತ್ತದೆ. ನಮ್ಮ ಬಳಗದಲ್ಲಿ ತುಳುವಿನಲ್ಲಿ ಕೆಲವೇ ಶಬ್ದಗಳು ಉಳಿದಿರುವ ಸದಸ್ಯರೊಬ್ಬರಿದ್ದಾರೆ. ಅವರಿಗಾಗಿ ಸ್ಪೀಚ್ ಥೆರಪಿಸ್ಟ್ ಪ್ರತಿ ವಿಷಯವನ್ನೂ ಚಿತ್ರದ ಹಾಳೆಯಲ್ಲಿ ತರುತ್ತಾರೆ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುತ್ತಾರೆ, ಕೇಳಿದ ಮೇಲೆ ಕಾಯುತ್ತಾರೆ. ಆ ಕಾಯುವಿಕೆ ನಮಗೆಲ್ಲ ಮೊದಮೊದಲು ಮುಜುಗರ ತರುತ್ತಿತ್ತು. ಜೊತೆಯಲ್ಲಿ ಬಂದ ಹೆಂಡತಿ ವಾಕ್ಯವನ್ನು ಪೂರ್ತಿ ಮಾಡಲು ಬಾಯಿ ತೆರೆದರೆ ಥೆರಪಿಸ್ಟ್ ಮೆಲ್ಲನೆ ಕೈಸನ್ನೆ ಮಾಡಿ ತಡೆಯುತ್ತಿದ್ದರು. ಸಂಶೋಧನೆಯ ಸಮ್ಮತಿ ಪತ್ರದ ಕರಡು ಆ ಸದಸ್ಯರ ಮುಂದೆ ಬಂದಾಗ, ಎರಡನೇ ಪುಟದ ಒಂದು ಚಿತ್ರದ ಮೇಲೆ ಬೆರಳಿಟ್ಟು ಬಲವಾಗಿ "ಅತ್ತ್" (ಅಲ್ಲ) ಎಂದರು. ಮನೆಗೆ ಬಂದು ವಿಡಿಯೊ ಮಾಡುತ್ತೇವೆ ಎಂಬುದನ್ನು ಸೂಚಿಸುವ ಕ್ಯಾಮರಾದ ಚಿತ್ರ ಅದು. ವಿಡಿಯೊ ಬೇಡ ಎಂದವರೂ ಅಧ್ಯಯನದಲ್ಲಿ ಸೇರಬಹುದೆಂದು ಪತ್ರವನ್ನು ಆಮೇಲೆ ಬದಲಾಯಿಸಿದರು. ಆ ದಿನ ನಮ್ಮಂಥ ನಿರರ್ಗಳವಾಗಿ ಮಾತಾಡುವವರೆಲ್ಲರೂ ಆ ಪುಟವನ್ನು ದಾಟಿ ಹೋಗಿದ್ದೆವು.

ಇನ್ನೊಂದು ಮೆಚ್ಚುಗೆಯ ಮಾತು: ಫಲ ಕೊಡದ ಸಂಶೋಧನೆಯನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಪರೀಕ್ಷಿಸಿದ ಅಟೆಂಡ್ ಅಧ್ಯಯನದ ಬಗ್ಗೆ ವಿವರವಾಗಿ ತಿಳಿಸಿದರು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ಆ ಅಧ್ಯಯನದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆರು ತಿಂಗಳ ನಂತರ, ಮನೆಯವರು ಹೀಗೆ ವ್ಯಾಯಾಮ ಮಾಡಿಸಿದವರ ಮತ್ತು ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರ ಗುಂಪುಗಳ ನಡುವೆ ಮೃತಪಟ್ಟವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೇಳಿದ ಸೊಸೆಯೊಬ್ಬಳು, "ವ್ಯಾಯಾಮ ಮಾಡಿಸುವುದು ಎಷ್ಟು ಹೊತ್ತಿಗೆ? ಅಡುಗೆಗೆ ಮೊದಲಾ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲಾ?" ಎಂದಳು. ಆ ಅಧ್ಯಯನದ ಫಲಿತಾಂಶಕ್ಕೆ ಕಾರಣ ಅದೇ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯವರ ಕೈಯಲ್ಲಿ ಮಾಡಿಸುವ ಯಾವ ಕಾರ್ಯಕ್ರಮವನ್ನು ಯೋಜಿಸುವಾಗಲೂ ಮನೆಯಲ್ಲಿ ಆ ಕೈ ಯಾರದ್ದು, ಅದಕ್ಕೆ ಬಿಡುವು ಯಾವಾಗ ಎಂದು ಮೊದಲು ಕೇಳಬೇಕೆಂಬುದು ಅಲ್ಲಿದ್ದ ಯಾರಿಗೂ ಮತ್ತೆ ಮರೆಯಲಾರದು.

ಈಗ ದೂರುಗಳು. ಮೊದಲನೆಯದು, ಮತ್ತು ಉಳಿದವೆಲ್ಲವನ್ನೂ ಮೀರಿದ್ದು, ಕರೆಯುವ ಸಮಯ. ಕೈಯ ಅಧ್ಯಯನಕ್ಕೆ ಕರಡು ಇರುವಾಗ ಕರೆದವರು, ಅದರ ನಂತರ ಬಂದ ಇನ್ನೊಂದು ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೆ ಕರೆದರು. ಅದು ಮನೆಗೆ ಹೋದ ಮೇಲೆ ಫೋನಿನಲ್ಲಿ ವ್ಯಾಯಾಮ ನೆನಪಿಸುವ ಯೋಜನೆ. ಫೋನ್ ಮಗನ ಹತ್ತಿರ ಇರುತ್ತದೆ, ಮಗ ಬೈಕಂಪಾಡಿಗೆ ಕೆಲಸಕ್ಕೆ ಹೋಗಿರುತ್ತಾನೆ, ಸಂಜೆ ಬರುವ ಹೊತ್ತಿಗೆ ಮೆಸೇಜು ಹಳತಾಗಿರುತ್ತದೆ ಎಂದು ಮೂವರು ಹೇಳಿದರೂ, "ಈಗ ಬದಲಾಯಿಸಬೇಕಾದರೆ ಮತ್ತೆ ಕಮಿಟಿಗೆ ಹೋಗಬೇಕು, ಸರ್" ಎಂಬ ಉತ್ತರ ಬಂತು. ಆ ಉತ್ತರ ಸುಳ್ಳಲ್ಲ. ಒಪ್ಪಿಗೆಯಾದ ಯೋಜನೆಯನ್ನು ತಿದ್ದಲು ಮತ್ತೊಮ್ಮೆ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಆದರೆ ಹಾಗಿದ್ದ ಮೇಲೆ ನಮ್ಮನ್ನು ಕರೆದದ್ದು ಕರಪತ್ರದ ಅಕ್ಷರದ ಗಾತ್ರ ನೋಡಲಿಕ್ಕೆ ಮಾತ್ರ ಎಂದಾಯಿತು. ಅಕ್ಷರ ದೊಡ್ಡದಾಗಬೇಕೆಂದು ಹೇಳಿ ಬಂದೆವು. ಮನೆ ಕಟ್ಟಿ ಮುಗಿಸಿದ ಮೇಲೆ ಬಾಗಿಲು ಯಾವ ದಿಕ್ಕಿಗಿರಲಿ ಎಂದು ಕೇಳಿದಂತೆ ಆ ಸಭೆ ನಾಮಕಾವಸ್ತೆಗೆ ನಡೆಯಿತು.

ಎರಡನೆಯದು, ನಾವು ಹೇಳಿದ್ದು ಏನಾಯಿತೆಂದು ತಿಳಿಸುವ ಪದ್ಧತಿ ಇಲ್ಲ. ಕೈಯ ಅಧ್ಯಯನದ ಬದಲಾವಣೆಗಳು ನನಗೆ ಗೊತ್ತಾದದ್ದು ಕಾರಿಡಾರಿನಲ್ಲಿ ಆ ಫಿಸಿಯೊಥೆರಪಿಸ್ಟ್ ಎದುರಾದಾಗ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಮಿನಿಟ್ಸ್ ಇಲ್ಲದ ಸಭೆ ಸಭೆಯೇ ಅಲ್ಲ. ನೆನಪಿನ ತೊಂದರೆ ಇರುವ ಸದಸ್ಯರಿಗಂತೂ ಕಳೆದ ಸಲ ಏನು ಮಾತಾಡಿದೆವು ಎಂಬ ಒಂದು ಪುಟದ ಟಿಪ್ಪಣಿ ಊರುಗೋಲಿನಷ್ಟೇ ಅಗತ್ಯ.

ಏರ್ಪಾಡುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೋಣೆ ನೆಲಮಹಡಿಯಲ್ಲಿದೆ, ಕೈಹಿಡಿ ಇರುವ ಕಮೋಡ್ ಹತ್ತಿರವೇ ಇದೆ, ಚಹಾದ ಲೋಟಕ್ಕೆ ಹಿಡಿ ಇದೆ. ಸಭೆ ಮಾತ್ರ ಉದ್ದ. ಮಧ್ಯೆ ವಿರಾಮ ಕೊಟ್ಟರೂ ಒಂದು ಗಂಟೆ ದಾಟಿದ ಮೇಲೆ ಅರ್ಧದಷ್ಟು ಜನರ ಮುಖದಲ್ಲಿ ಆಯಾಸ ಕಾಣುತ್ತದೆ. ಪ್ರಯಾಣಕ್ಕೆ ಬಸ್ಸಿನ ದರದ ಲೆಕ್ಕದಲ್ಲಿ ಹಣ ಕೊಡುತ್ತಾರೆ. ನಮ್ಮ ಸರ್ವಿಸ್ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ, ಕಂಡಕ್ಟರನ ಸೀಟಿ ಎಷ್ಟು ಬೇಗ ಎಂದು ಬಲ್ಲವರು ಸ್ಪ್ಲಿಂಟ್ ಹಾಕಿದ ಕಾಲಿನವನನ್ನು ಬಸ್ಸಿಗೆ ಹತ್ತಿಸಲಾರರು. ನಾವೆಲ್ಲರೂ ಬರುವುದು ರಿಕ್ಷಾದಲ್ಲಿ. ಜೊತೆಗೆ ಬರುವವರ ಆ ದಿನದ ಸಂಬಳ ಹೋದದ್ದಕ್ಕೆ ಏನೂ ಇಲ್ಲ. ಹೀಗಾಗಿ ಬರುವವರು ಪಿಂಚಣಿದಾರರು, ಅಥವಾ ಮನೆಯಲ್ಲಿ ಎರಡನೆಯ ದುಡಿಮೆ ಇರುವವರು. ಮಲ್ಪೆಯ ದೋಣಿಗೆ ಹೋಗುತ್ತಿದ್ದವರಲ್ಲಿ ಒಬ್ಬರೂ ನಮ್ಮ ಬಳಗದಲ್ಲಿಲ್ಲ, ಹಾಸಿಗೆ ಬಿಟ್ಟು ಏಳಲಾಗದವರ ಮಾತನ್ನು ಮನೆಗೆ ಹೋಗಿ ಕೇಳುವ ಏರ್ಪಾಡೂ ಇಲ್ಲ. ಸಂಶೋಧನೆ ನಡೆಯುವುದು ಮಾತ್ರ ಅವರನ್ನೂ ಸೇರಿಸಿ.

ನೋಡಿಕೊಳ್ಳುವವರಿಗೆ ಪ್ರತ್ಯೇಕ ಹೊತ್ತು ಬೇಕೆಂಬುದನ್ನೂ ಸೇರಿಸುತ್ತೇನೆ. ಗಂಡ ಪಕ್ಕದಲ್ಲಿ ಕುಳಿತಿರುವಾಗ ಹೆಂಡತಿ "ಎಲ್ಲ ಸರಿ ಉಂಟು ಡಾಕ್ಟ್ರೇ" ಎನ್ನುತ್ತಾಳೆ. ರಾತ್ರಿ ಎಷ್ಟು ಸಲ ಎದ್ದು ಬಟ್ಟೆ ಬದಲಾಯಿಸಬೇಕಾಗುತ್ತದೆ, ಕಾರಣವಿಲ್ಲದೆ ಬರುವ ಅಳುವನ್ನೂ ಸಿಟ್ಟನ್ನೂ ಹೇಗೆ ತಡೆದುಕೊಳ್ಳುತ್ತಾಳೆ ಎಂಬುದೆಲ್ಲ ಚಹಾದ ಹೊತ್ತಿಗೆ, ಇನ್ನೊಬ್ಬ ಹೆಂಗಸಿನ ಹತ್ತಿರ ಹೊರಬರುತ್ತದೆ. ಅದು ಯಾವ ಪ್ರಶ್ನಾವಳಿಗೂ ಸೇರುವುದಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕೈಯ ಅಧ್ಯಯನಕ್ಕಷ್ಟೇ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಮಾತು ಬಾರದವರೂ ಧೈರ್ಯವಾಗಿ ಹೋಗಬಹುದು, ಬಹುಶಃ ಅವರೇ ಮೊದಲು ಹೋಗಬೇಕು. ಪಾರ್ಶ್ವವಾಯು ಆಗಿ ಕೆಲವೇ ವಾರಗಳಾದವರು ಸ್ವಲ್ಪ ಕಾಯುವುದು ಒಳ್ಳೆಯದು, ಏಕೆಂದರೆ ಇತರರ ಹಳೆಯ ತೊಂದರೆಗಳ ಪಟ್ಟಿ ಕೇಳಿ ಎದೆಗುಂದುವ ಸಾಧ್ಯತೆ ಇದೆ. ಫೋನ್ ಬಂದಾಗ ಕಮಿಟಿಯ ಒಪ್ಪಿಗೆ ಆಗಿದೆಯೇ, ಅನುದಾನದ ಅರ್ಜಿ ಹೋಗಿದೆಯೇ, ಜೊತೆಗೆ ಬರುವವರಿಗೆ ರಿಕ್ಷಾ ಬಾಡಿಗೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಇಲ್ಲಿ ಯಾರೂ ಬೇಸರಿಸುವುದಿಲ್ಲ. ಮುಂದಿನ ವಿಷಯ ಪಾರ್ಶ್ವವಾಯುವಿನ ನಂತರದ ಆಯಾಸವಂತೆ, ಅದನ್ನು ಆರಿಸಿದ್ದು ಬಳಗದ ಸದಸ್ಯರೇ, ಮತ್ತು ಅರ್ಜಿ ಬರೆಯುವ ಮೊದಲೇ ನಮಗೆ ಕರಡು ಕೊಡುತ್ತೇವೆಂದು ಈ ಸಲ ಹೇಳಿದ್ದಾರೆ. ಕೊಟ್ಟರೆ ಅಂಕವನ್ನು ಇಲ್ಲಿಯೇ ತಿದ್ದುತ್ತೇನೆ.